ತಿಳಿ ಬೂದು ಎಂದು ತಂದರೆ ನೀಲಿ ಬಂತು

ಮಲಗುವ ಕೋಣೆಗೆ ತಿಳಿ ಬೂದು ಬಣ್ಣವೇ ಬೇಕೆಂದು ನಾನು ಹಟ ಹಿಡಿದಾಗ, "ಬೂದು ಎಂದರೆ ಬೂದು, ಅದರಲ್ಲಿ ಆರಿಸುವುದೇನಿದೆ?" ಎಂದಿದ್ದರು ನಮ್ಮ ಯಜಮಾನರು. ನಿಜ ಹೇಳಬೇಕೆಂದರೆ ನಾನೂ ಹಾಗೆಯೇ ತಿಳಿದಿದ್ದೆ.

ಮೊದಲ ಡಬ್ಬವನ್ನು ಶೇಡ್ ಕಾರ್ಡಿನಲ್ಲಿದ್ದ ಹೆಬ್ಬೆರಳಗಲದ ಚೌಕ ನೋಡಿಯೇ ತಂದೆ. ಎರಡು ಕೋಟ್ ಒಣಗಿದ ಮೇಲೆ ನೋಡಿದರೆ ಕೋಣೆಯೆಲ್ಲ ನೀಲಿ! ನೇರ ಬಿಸಿಲು ಬೀಳದ ಕೋಣೆ ಅದು. ಬರುವುದೇನಿದ್ದರೂ ಆಕಾಶದ ತಣ್ಣನೆಯ ಬೆಳಕು. ಬೂದು ಬಣ್ಣದೊಳಗೆ ಅವಿತಿದ್ದ ನೀಲಿಯನ್ನು ಆ ಬೆಳಕು ಗೋಡೆಗೆ ತಂದು ನಿಲ್ಲಿಸಿತ್ತು. ಪೇಂಟ್ ಕೆಟ್ಟದ್ದೆನ್ನಲಾರೆ, ರೋಲರ್‌ಗೆ ಸಲೀಸಾಗಿತ್ತು, ಗೋಡೆಯನ್ನೂ ಚೆನ್ನಾಗಿ ಮುಚ್ಚಿತು.

ಎರಡನೇ ಸಲ ಮೂರು ಶೇಡುಗಳ ಸ್ಯಾಂಪಲ್ ಮಾತ್ರ ತಂದೆ. ನೀಲಿ ಗೋಡೆಯ ಮೇಲೆಯೇ ಬಳಿದರೆ ಕಣ್ಣು ಮೋಸಹೋಗುತ್ತದೆಂದು ದೊಡ್ಡ ಬಿಳಿ ರಟ್ಟುಗಳಿಗೆ ಎರಡೆರಡು ಕೋಟ್ ಬಳಿದು, ಸುತ್ತ ಬಿಳಿ ಅಂಚು ಬಿಟ್ಟೆ. ಒಣಗಿದ ಮೇಲೆ ಮೂರನ್ನೂ ಒತ್ತಟ್ಟಿಗೆ ಇಟ್ಟಾಗ ಗುಟ್ಟು ರಟ್ಟಾಯಿತು: ಒಂದು ಹಸಿರಿಗೆ ವಾಲಿತ್ತು, ಒಂದು ನೇರಳೆಗೆ, ಮೂರನೆಯದು ಒದ್ದೆ ಮರಳಿನ ಬಣ್ಣಕ್ಕೆ. ಬೆಳಿಗ್ಗೆ ಕಿಟಕಿಯ ಪಕ್ಕ, ಸಂಜೆ ಬಾಗಿಲ ಮೂಲೆಯಲ್ಲಿ, ರಾತ್ರಿ ದೀಪದಡಿ ಇಟ್ಟು ಮೂರು ದಿನ ನೋಡಿದೆ.

ಶೇಡಿನ ವಿವರದಲ್ಲಿ ಎಲ್‌ಆರ್‌ವಿ ಎಂಬ ಅಂಕಿ ಇರುತ್ತದೆ. ಬಣ್ಣ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬುದರ ಅಳತೆ ಅದು. ಅಪ್ಪಟ ಕಪ್ಪಿಗೆ 0, ಅಪ್ಪಟ ಬಿಳಿಗೆ 100. ನಾನು ಒಪ್ಪಿದ ಮರಳು ಛಾಯೆಯದ್ದು 62. ಆ ಹಾಳು ನೀಲಿಯದ್ದೂ 62! ಕೋಣೆ ಕತ್ತಲೆಯಾಗುತ್ತದೋ ಇಲ್ಲವೋ ಎಂಬುದಕ್ಕೆ ಈ ಅಂಕಿ ಸಾಕು, ಛಾಯೆಯ ಬಗ್ಗೆ ಅದು ಬಾಯಿ ಬಿಡುವುದಿಲ್ಲ.

ಈಗ ಬಳಿಸಿ ನಾಲ್ಕು ತಿಂಗಳಾಯಿತು. ಹಗಲಿನಲ್ಲಿ ನನಗೆ ಬೇಕಾಗಿದ್ದ ಬೂದು ಇದೇ. ರಾತ್ರಿ 6500 ಕೆಲ್ವಿನ್ನಿನ, ಅಂದರೆ ತಣ್ಣನೆಯ ಬಿಳಿ ಬೆಳಕಿನ ಬಲ್ಬಿನಡಿ ಮಾತ್ರ ಆಸ್ಪತ್ರೆಯ ವಾರ್ಡಿನಂತೆ ಕಾಣುತ್ತಿತ್ತು. ಬೆಚ್ಚನೆಯ ಹಳದಿ ಬೆಳಕಿನ 3000ದ್ದು ಹಾಕಿದ ಮೇಲೆ ಸರಿಹೋಯಿತು. ತಕರಾರು ಒಂದೇ, ಹೊಳಪಿಲ್ಲದ ಮ್ಯಾಟ್ ಫಿನಿಶ್. ಸ್ವಿಚ್ಚಿನ ಸುತ್ತ ಬೆರಳಿನ ಕಲೆ ಬೇಗ ಕೂರುತ್ತದೆ, ಒದ್ದೆ ಬಟ್ಟೆಯಿಂದ ಉಜ್ಜಿದರೆ ಅಷ್ಟು ಜಾಗ ಮಾತ್ರ ಹೊಳೆಯುತ್ತದೆ. ಮಿಕ್ಕ ಕಾಲು ಡಬ್ಬವನ್ನು ಅದಕ್ಕೆಂದೇ ಎತ್ತಿಟ್ಟಿದ್ದೇನೆ.