ಶುಗರ್ ಇರುವವರು ಕುಡಿದು ಮಲಗಿದ್ದಾರಾ? ಏಳದಿದ್ದರೆ ಮೊದಲು ಬೆರಳು ಚುಚ್ಚಿ ನೋಡಿ

ಶುಗರ್ ಇರುವವರು ಕುಡಿದರೆ ಶುಗರ್ ಏರುತ್ತದೆ ಅಂತ ಎಲ್ಲರಿಗೂ ಹೆದರಿಕೆ. ನಮ್ಮ ಚಿಕ್ಕಪ್ಪನಿಗೆ ಆದದ್ದು ಉಲ್ಟಾ. ಶುಗರ್ ಪೂರ್ತಿ ಕುಸಿಯಿತು. ಅದೂ ಕುಡಿಯುವಾಗ ಏನೂ ಆಗಲಿಲ್ಲ, ಮಾರನೇ ದಿನ ಬೆಳಿಗ್ಗೆ ಆಯಿತು. ಮನೆಯವರು ನಶೆ ಇಳಿದಿಲ್ಲ ಅಂದುಕೊಂಡರು. ಒಂದು ನರ್ಸಿಂಗ್ ಹೋಮಿನವರೂ ಹಾಗೇ ಹೇಳಿ ವಾಪಸ್ ಕಳಿಸಿದರು. ಬೇರೆ ಯಾರ ಮನೆಯಲ್ಲೂ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಮಂಡ್ಯ ಕಡೆಯವರಿಗೆ ಹೊಸತೊಡಕು ಗೊತ್ತೇ ಇದೆ. ಯುಗಾದಿ ಮಾರನೇ ದಿನ ಮನೆಮನೆಯಲ್ಲೂ ಬಾಡೂಟ. ಬೆಳಿಗ್ಗೆಯೇ ಗುಡ್ಡೆ ಮಾಂಸ ಹಂಚಿಕೊಂಡು ಬರುತ್ತಾರೆ, ಗಂಡಸರು ಇಸ್ಪೀಟಿಗೆ ಕೂರುತ್ತಾರೆ, ಬಾಟಲಿಯೂ ಬರುತ್ತದೆ. ಚಿಕ್ಕಪ್ಪನಿಗೆ ಶುಗರ್ ಬಂದು ಬಹಳ ವರ್ಷವಾಗಿದೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಎರಡೂ ಸೇರಿದ ಮಾತ್ರೆ ನುಂಗುತ್ತಾರೆ. ಹಬ್ಬದ ದಿನ ಒಬ್ಬಟ್ಟು ತಿಂದಿದ್ದರು. ಶುಗರ್ ಜಾಸ್ತಿ ಆಗಿರುತ್ತೆ ಅಂತ ತಾವೇ ತೀರ್ಮಾನ ಮಾಡಿ, ಆ ಸಂಜೆ ಒಂದು ಮಾತ್ರೆ ಬದಲು ಎರಡು ನುಂಗಿದರು. ‘ವಿಸ್ಕಿಲಿ ಸಕ್ಕರೆ ಇರಲ್ಲ, ಶುಗರ್‌ನೋರಿಗೆ ಬಿಯರ್‌ಗಿಂತ ಅದೇ ವಾಸಿ’ ಅಂತ ಜೊತೆಯವರು ಧೈರ್ಯ ಕೊಟ್ಟರು. ಒಂದು ಕ್ವಾರ್ಟರ್ ಮುಗಿಯಿತು. ನಾಲ್ಕು ತುಂಡು ಮಾಂಸ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಚಿಕ್ಕಮ್ಮ ಮುದ್ದೆಗೆ ಕರೆದರೆ ಬೇಡ ಅಂತ ಹೇಳಿ ಮಲಗಿಬಿಟ್ಟರು.

ಬೆಳಿಗ್ಗೆ ಎಬ್ಬಿಸಲು ಹೋದರೆ ಬನಿಯನ್ ಪೂರ್ತಿ ಒದ್ದೆ. ಮೈ ತಣ್ಣಗಿತ್ತು. ಮಾತು ತೊದಲುತ್ತಿತ್ತು, ಕೂರಿಸಿದರೆ ಒಂದು ಕಡೆ ವಾಲುತ್ತಿದ್ದರು. ‘ರಾತ್ರಿದು ಇನ್ನೂ ಇಳಿದಿಲ್ಲ, ಮಲಗಲಿ ಬಿಡು’ ಅಂದರು ಮನೆಯ ಹಿರಿಯರು. ಚಿಕ್ಕಪ್ಪನ ಮಗನಿಗೆ ಮನಸ್ಸು ಒಪ್ಪಲಿಲ್ಲ. ಕಾರಲ್ಲಿ ಹಾಕಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಹೋದ. ಅಪ್ಪನಿಗೆ ಶುಗರ್ ಇದೆ ಅಂತ ಎರಡೆರಡು ಸಲ ಹೇಳಿದ. ಡ್ಯೂಟಿಯಲ್ಲಿದ್ದವರು ಬಾಯಿ ವಾಸನೆ ನೋಡಿ, ‘ಕುಡಿದಿದ್ದಾರೆ, ಮನೆಗೆ ಕರ್ಕೊಂಡ್ ಹೋಗಿ ಮಲಗಿಸಿ’ ಅಂದರು. ಒಂದು ತೊಟ್ಟು ರಕ್ತ ತೆಗೆದು ನೋಡಲು ಅರ್ಧ ನಿಮಿಷ ಬೇಕಾ? ಆ ಸಿಟ್ಟು ನನಗೆ ಇನ್ನೂ ಆರಿಲ್ಲ.

ವಾಪಸ್ ಬರುವ ದಾರಿಯಲ್ಲಿ ಫಿಟ್ಸ್ ಬಂತು. ಕಾರನ್ನು ಸೀದಾ ದೊಡ್ಡಾಸ್ಪತ್ರೆಗೆ ತಿರುಗಿಸಿದರು. ಅಲ್ಲಿ ಸ್ಟ್ರೆಚರ್ ಮೇಲೇ ಬೆರಳು ಚುಚ್ಚಿ ನೋಡಿದರು. ಶುಗರ್ 31. 70ಕ್ಕಿಂತ ಕೆಳಗೆ ಬಂದರೇ ‘ಲೋ ಶುಗರ್’, 54ಕ್ಕಿಂತ ಕೆಳಗೆ ಹೋದರೆ ತಕ್ಷಣ ನೋಡಲೇಬೇಕಾದ ಮಟ್ಟ. ನರಕ್ಕೆ ಗ್ಲೂಕೋಸ್ ಏರಿಸಿದ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ಚಿಕ್ಕಮ್ಮನ ಹೆಸರು ಹಿಡಿದು ಕರೆದರು. ಎಲ್ಲರೂ ಉಸಿರು ಬಿಟ್ಟರೆ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಇಳಿಯಿತು. ಗ್ಲಿಮೆಪಿರೈಡ್ ಒಂದು ದಿನವಿಡೀ ಕೆಲಸ ಮಾಡುವ ಮಾತ್ರೆ. ಅದರ ಪ್ರಭಾವ ಮುಗಿಯುವವರೆಗೆ ಡ್ರಿಪ್ ತೆಗೆಯುವ ಹಾಗಿರಲಿಲ್ಲ.

ಯಾಕೆ ಹೀಗಾಯಿತು ಅಂತ ಅಲ್ಲಿನ ಡಾಕ್ಟರು ಕೂತು ಬಿಡಿಸಿ ಹೇಳಿದರು. ರಾತ್ರಿ ನಾವು ಏನೂ ತಿನ್ನದೆ ಮಲಗಿರುವಾಗ ರಕ್ತಕ್ಕೆ ಸಕ್ಕರೆ ಒದಗಿಸುವುದು ಲಿವರ್. ಕೂಡಿಟ್ಟದ್ದನ್ನು ಬಿಡುತ್ತದೆ, ಸಾಲದಿದ್ದರೆ ಹೊಸದಾಗಿ ತಯಾರು ಮಾಡುತ್ತದೆ. ಮದ್ಯ ಒಳಗೆ ಹೋದರೆ ಈ ತಯಾರಿಗೆ ತಡೆ ಬೀಳುತ್ತದೆ. ನಮ್ಮಲ್ಲಿ ಮಾರುವ ವಿಸ್ಕಿಯಲ್ಲಿ ಆಲ್ಕೋಹಾಲ್ 42.8%. ಅಂದರೆ 180 ಎಂಎಲ್ ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ. ಅಷ್ಟನ್ನು ಕರಗಿಸಲು ಲಿವರಿಗೆ ಇಡೀ ರಾತ್ರಿ ಬೇಕು. ಈ ಕಡೆ ಮಾತ್ರೆ ಮಾತ್ರ ಇನ್ಸುಲಿನ್ ಬಿಡಿಸುತ್ತಲೇ ಇರುತ್ತದೆ. ಊಟ ಬೇರೆ ಆಗಿಲ್ಲ. ಶುಗರ್ ಇಳಿಯದೆ ಇನ್ನೇನಾಗುತ್ತದೆ? ಕುಡಿದು 24 ಗಂಟೆ ಕಳೆಯುವವರೆಗೂ ಈ ಅಪಾಯ ಇರಬಹುದಂತೆ. ವಿಸ್ಕಿಯಲ್ಲಿ ಸಕ್ಕರೆ ಇಲ್ಲ ಅನ್ನುವ ಮಾತು ನಿಜವೇ. ಇಂಥ ಮಾತ್ರೆ ನುಂಗುವವರನ್ನು ಅದು ಕಾಪಾಡುವುದಿಲ್ಲ.

ಲೋ ಶುಗರ್ ಆದಾಗ ತೊದಲು, ತೂರಾಟ, ಮಂಕು, ಕೆಲವರಿಗೆ ಜಗಳಗಂಟತನ. ಕುಡಿದವರಿಗೂ ಇವೇ. ಬಾಯಿಂದ ವಾಸನೆ ಬಂದರೆ ಮುಗಿಯಿತು, ಯಾರೂ ಬೇರೆ ಯೋಚನೆ ಮಾಡುವುದಿಲ್ಲ. ಬೆವರು, ನಡುಕ, ತಣ್ಣನೆ ಮೈ ಕಂಡರೆ ಅನುಮಾನ ಪಡಿ. ಆದರೆ ಕಣ್ಣಳತೆಯಲ್ಲಿ ತೀರ್ಮಾನ ಮಾಡಲು ಹೋಗಬೇಡಿ. ಮೀಟರ್ ಒಂದೇ ದಾರಿ.

ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲೈಬೆನ್‌ಕ್ಲಮೈಡ್ ಮಾತ್ರೆಯವರಿಗೆ, ಇನ್ಸುಲಿನ್‌ನವರಿಗೆ ಈ ಭಯ ಜಾಸ್ತಿ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಶುಗರ್ ಹೀಗೆ ಇಳಿಯುವುದು ಅಪರೂಪ. ಆದರೆ ಅದರ ಜೊತೆ ವಿಪರೀತ ಕುಡಿದರೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಅಪಾಯ ಇದೆ, ಅದೂ ಜೀವಕ್ಕೇ ಬರುವಂಥದ್ದು.

ಬಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು, ನಾನು ಕೈಮುಗಿದು ಕೇಳುವುದೂ ಅದನ್ನೇ. ಬಿಡಲು ಆಗದವರು ಖಾಲಿ ಹೊಟ್ಟೆಯಲ್ಲಂತೂ ಕುಡಿಯಬೇಡಿ. ಮುದ್ದೆಯೋ ಅನ್ನವೋ ಚಪಾತಿಯೋ ಉಣ್ಣಿ, ಬರೀ ಮಾಂಸ ಸಾಲದು. ಸಿಹಿ ತಿಂದೆ ಅಂತ ಡಾಕ್ಟರನ್ನು ಕೇಳದೆ ಮಾತ್ರೆ ಹೆಚ್ಚಿಸಬೇಡಿ. ಮಲಗುವ ಮುಂಚೆ ಒಮ್ಮೆ ಶುಗರ್ ನೋಡಿಕೊಳ್ಳಿ. ಜೊತೆಗಿರುವ ಒಬ್ಬರಿಗಾದರೂ ನಿಮಗೆ ಶುಗರ್ ಇದೆ ಅಂತ ಗೊತ್ತಿರಲಿ.

ಮನೆಯವರಿಗೆ ಇನ್ನೆರಡು ಮಾತು. ಎಚ್ಚರವಿದ್ದು ನುಂಗುವ ಹಾಗಿದ್ದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ನೀರನ್ನೂ ಕೂಡ. ಉಸಿರಾಟದ ದಾರಿಗೆ ಹೋಗುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ‘ಕುಡಿದಿದ್ದಾರೆ’ ಅಂತ ಹೇಳುವ ಮುಂಚೆ ‘ಶುಗರ್ ಪೇಷಂಟ್, ಮೊದಲು ಶುಗರ್ ನೋಡಿ’ ಅನ್ನಿ. ನೋಡುವವರೆಗೂ ಅಲ್ಲಿಂದ ಕದಲಬೇಡಿ. ಮಾತ್ರೆಯ ಸ್ಟ್ರಿಪ್ ಕೈಯಲ್ಲೇ ಹಿಡಿದುಕೊಂಡು ಹೋಗಿ. ಯಾವ ಮಾತ್ರೆ ಅಂತ ಗೊತ್ತಾದರೆ, ಒಂದು ಬಾಟಲಿ ಗ್ಲೂಕೋಸ್ ಏರಿಸಿ ಮನೆಗೆ ಕಳಿಸಬೇಕೋ, ಇಟ್ಟುಕೊಂಡು ನೋಡಬೇಕೋ ಅಂತ ಡಾಕ್ಟರಿಗೆ ತಿಳಿಯುತ್ತದೆ.