ಓದಿ ಬಂದಾಯ್ತು, ಇರೋದೆಲ್ಲಿ? ಅಪ್ಪ-ಅಮ್ಮನ ಮನೆ, ಪಿಜಿ, ಬಾಡಿಗೆ ಮನೆ

ಹೊರದೇಶದಲ್ಲಿ ಓದು ಮುಗಿಸಿ ಬೆಂಗಳೂರಿಗೆ ಬಂದಿಳಿದವರಿಗೆ ಮೊದಲ ವಾರ ನಿದ್ದೆಯದೇ ತಕರಾರು, ಎರಡನೇ ವಾರ ಹೊಟ್ಟೆಯದು. ಮೂರನೇ ವಾರಕ್ಕೆ ಮನೆಯ ಪ್ರಶ್ನೆ ಏಳುತ್ತದೆ. ಅಲ್ಲಿ ಎರಡು ವರ್ಷ ತನ್ನದೇ ಕೀಲಿ, ತನ್ನದೇ ಒಲೆ, ಉಂಡರೆ ಉಂಡೆ ಇಲ್ಲದಿದ್ದರೆ ಇಲ್ಲ. ಇಲ್ಲಿ ಪಿಯುಸಿ ಕಾಲದ ಅದೇ ಕೋಣೆ, ಎಂಟೂವರೆಗೆ ಊಟದ ಕರೆ.

ಈ ಹೋಲಿಕೆ ಯಾರಿಗೆ ಅಂದರೆ, ಹೆತ್ತವರ ಮನೆ ಬಸವನಗುಡಿ, ಜಯನಗರ, ಮಲ್ಲೇಶ್ವರ, ರಾಜಾಜಿನಗರದಂಥ ಹಳೇ ಬಡಾವಣೆಯಲ್ಲಿದ್ದು, ಕೆಲಸ ಮಾತ್ರ ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಹೊರವರ್ತುಲ ರಸ್ತೆಯಲ್ಲೋ ಸಿಕ್ಕವರಿಗೆ. ಮೂರು ಕಡೆಯೂ ಇದ್ದು ನೋಡಿದ ಮೇಲಿನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಮೊದಲ ಮೂರು ತಿಂಗಳು ಅಪ್ಪ-ಅಮ್ಮನ ಮನೆ, ಆಮೇಲೆ ಅದೇ ಬಡಾವಣೆಯಲ್ಲಿ ಬಾಡಿಗೆ. ಪಿಜಿ, ಅಂದರೆ ಪೇಯಿಂಗ್ ಗೆಸ್ಟ್ ವಸತಿ, ಬೇಕಾಗುವುದು ಕೆಲಸ ಹೊರವರ್ತುಲ ರಸ್ತೆಯಲ್ಲಿದ್ದಾಗ ಮಾತ್ರ, ಅದೂ ಆರು ತಿಂಗಳ ಮಟ್ಟಿಗೆ.

ಅಪ್ಪ-ಅಮ್ಮನ ಮನೆ

ಮೊದಲ ಮೂರು ತಿಂಗಳು ಮನೆಯೇ ಯಾಕೆ? ಪ್ರೀತಿಗಿಂತ ಮೊದಲು ಕಾಗದಪತ್ರ. ಬಳಸದೆ ಬಿಟ್ಟ ಸಿಮ್ ಸತ್ತಿರುತ್ತದೆ, ಆಧಾರ್‌ಗೆ ಜೋಡಿಸಿದ ಸಂಖ್ಯೆ ಅದೇ ಆಗಿರುತ್ತದೆ, ಒಟಿಪಿ ಬರದೆ ಬ್ಯಾಂಕಿನ ಕೆವೈಸಿ ನಿಂತಿರುತ್ತದೆ. ಹೊಸ ಸಿಮ್, ಆಧಾರ್ ಕೇಂದ್ರದಲ್ಲಿ ಮೊಬೈಲ್ ಸಂಖ್ಯೆ ಬದಲಾವಣೆ, ಆಮೇಲೆ ಬ್ಯಾಂಕು: ಈ ಸರದಿ ತಪ್ಪಿದರೆ ಒಂದೇ ಕೆಲಸಕ್ಕೆ ಎರಡು ಸಲ ಸಾಲು ನಿಲ್ಲಬೇಕು. ಎಲ್ಲದರಲ್ಲೂ ಇರುವ ವಿಳಾಸ ಅಪ್ಪನ ಮನೆಯದೇ ಆದ್ದರಿಂದ ಅಲ್ಲಿರುವಾಗಲೇ ಮುಗಿಸಿಕೊಳ್ಳುವುದು ಜಾಣತನ. ಎನ್‌ಆರ್‌ಇ (ಅನಿವಾಸಿ ಭಾರತೀಯರ) ಖಾತೆ ಇದ್ದವರು ಕಾಯಂ ಆಗಿ ಬಂದಿರುವುದನ್ನು ಬ್ಯಾಂಕಿಗೆ ತಿಳಿಸಿ ಅದನ್ನು ನಿವಾಸಿ ಖಾತೆಯಾಗಿ ಬದಲಾಯಿಸಬೇಕು. ಡಾಲರ್, ಪೌಂಡ್ ಹಾಗೇ ಉಳಿಯಬೇಕೆಂದರೆ ಆರ್‌ಎಫ್‌ಸಿ (ನಿವಾಸಿಗಳ ವಿದೇಶಿ ಕರೆನ್ಸಿ) ಖಾತೆ ಕೇಳಿ. ಇದನ್ನು ವರ್ಷಗಟ್ಟಲೆ ಮರೆಯುವವರೇ ಹೆಚ್ಚು.

ಇನ್ನೊಂದು ಕಾರಣವಿದೆ. ವಿಡಿಯೊ ಕಾಲ್‌ನಲ್ಲಿ ಅಪ್ಪನ ಮುಖ ಕಾಣುತ್ತದೆ, ಮಂಡಿ ಕಾಣುವುದಿಲ್ಲ. ಫ್ರಿಜ್ ಮೇಲಿನ ಮಾತ್ರೆ ಡಬ್ಬಿ ಎಷ್ಟು ದೊಡ್ಡದಾಗಿದೆ, ಮಹಡಿಗೆ ಬಟ್ಟೆ ಒಣಹಾಕಲು ಅಮ್ಮ ಯಾಕೆ ಹೋಗುತ್ತಿಲ್ಲ, ರಾತ್ರಿ ಎಷ್ಟು ಸಲ ಎದ್ದು ಓಡಾಡುತ್ತಾರೆ, ಇವೆಲ್ಲ ಒಂದೇ ಸೂರಿನಡಿ ತಿಂಗಳುಗಟ್ಟಲೆ ಇದ್ದರಷ್ಟೇ ಗೊತ್ತಾಗುವುದು. ಮುಂದೆ ಎಲ್ಲಿರಬೇಕು, ಎಷ್ಟು ದೂರದಲ್ಲಿರಬೇಕು ಅನ್ನುವುದಕ್ಕೆ ಬಾಡಿಗೆ ದರಕ್ಕಿಂತ ಮುಖ್ಯವಾದ ಲೆಕ್ಕ ಇದೇ.

ಕೆಡುವುದು ಎಲ್ಲಿ? ಹೊತ್ತಿನಲ್ಲಿ. ಅಮೆರಿಕದ ಪೂರ್ವ ತೀರದ ತಂಡದ ಜೊತೆ ಕೆಲಸ ಮಾಡುವವರಿಗೆ ಅಲ್ಲಿಯ ಬೆಳಗ್ಗೆ 10ರ ಮೀಟಿಂಗ್ ಬೇಸಿಗೆಯಲ್ಲಿ ಇಲ್ಲಿ ಸಂಜೆ 7.30ಕ್ಕೆ ಬರುತ್ತದೆ. ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದರೆ ಅದೇ ಮೀಟಿಂಗ್ ನಮಗೆ 8.30, ಅಂದರೆ ಸರಿಯಾಗಿ ತಟ್ಟೆ ಹಾಕುವ ಹೊತ್ತು. ದಿನಾ ಅನ್ನ ಆರಿಸಿಕೊಂಡು ಕಾಯುವ ಅಮ್ಮನಿಗೂ ಕಷ್ಟ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು 'ಎರಡೇ ನಿಮಿಷ ಅಮ್ಮಾ' ಅನ್ನುವವರಿಗೂ ಕಷ್ಟ. ಇದಕ್ಕೆ ಮಾತಿಗಿಂತ ಕ್ಯಾಲೆಂಡರ್ ವಾಸಿ. ವಾರದಲ್ಲಿ ಯಾವ ದಿನ ಮನೆ ಊಟ, ಯಾವ ದಿನ ತಾನೇ ಬಿಸಿ ಮಾಡಿಕೊಳ್ಳುವುದು ಅಂತ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿ. ಯುರೋಪಿನ ತಂಡವಾದರೆ ಈ ಜಗಳವೇ ಇಲ್ಲ. ಜರ್ಮನಿ ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ.

ಇನ್ನು ದುಡ್ಡು. 'ನಿನ್ನ ದುಡ್ಡು ಯಾರಿಗೆ ಬೇಕು, ಸಾಲ ತೀರಿಸು' ಅನ್ನುವ ಮನೆಗಳೇ ಜಾಸ್ತಿ. ಕೈಗೆ ಕೊಡಲು ಹೋದರೆ ಬೇಸರವಾಗುತ್ತದೆ. ಬ್ರಾಡ್‌ಬ್ಯಾಂಡ್, ಗ್ಯಾಸು, ತರಕಾರಿ, ಕರೆಂಟು ಬಿಲ್ಲುಗಳನ್ನು ಸುಮ್ಮನೆ ನಿಮ್ಮ ಫೋನಿಗೆ ಬದಲಾಯಿಸಿಕೊಳ್ಳಿ.

ಕರೆಂಟು ಅಂದಾಗ ಒಂದು ಮಾತು. ಗೃಹಜ್ಯೋತಿಯಲ್ಲಿ ಮನೆಯ ಹಳೇ ಸರಾಸರಿಯ ಮೇಲೆ ಶೇ 10 ಸೇರಿಸಿದಷ್ಟು ಯೂನಿಟ್ ಉಚಿತ. ಅದನ್ನು ಮೀರಿದರೆ ಮೀರಿದ್ದಕ್ಕಷ್ಟೇ ಬಿಲ್ಲು, 200 ದಾಟಿದರೆ ಇಡೀ ಬಿಲ್ಲು. ಅಪ್ಪ-ಅಮ್ಮ ಇಬ್ಬರೇ ತಿಂಗಳಿಗೆ 140 ಯೂನಿಟ್ ಬಳಸುತ್ತಿದ್ದ ಮನೆಗೆ ನೀವು ಸೇರಿಕೊಂಡಿರಿ ಅನ್ನಿ. 2 ಕಿಲೋವಾಟ್ ಗೀಸರ್ ದಿನಕ್ಕೆ ಅರ್ಧ ಗಂಟೆ ಹೆಚ್ಚಿಗೆ ಓಡಿದರೆ ತಿಂಗಳಿಗೆ 30 ಯೂನಿಟ್. ಕಂಪ್ಯೂಟರು, ಎರಡು ಮಾನಿಟರು ಸೇರಿ 150 ವಾಟ್, ದಿನಕ್ಕೆ ಹತ್ತು ಗಂಟೆ ಅಂದರೆ 45 ಯೂನಿಟ್. ಒಟ್ಟು 215. ಸೊನ್ನೆ ಬರುತ್ತಿದ್ದ ಬಿಲ್ಲು ಪೂರ್ತಿ ಬಂದಾಗ ಅಪ್ಪ ಏನೂ ಅನ್ನುವುದಿಲ್ಲ, ಆದರೆ ಹೋದಲ್ಲೆಲ್ಲ ಲೈಟು ಆರಿಸುತ್ತಾ ಬರುತ್ತಾರೆ.

ಅಮೆರಿಕದಿಂದ ಹೊತ್ತು ತಂದ ಮಿಕ್ಸಿ, ಹೇರ್ ಡ್ರೈಯರ್ 110 ವೋಲ್ಟಿನವು. ಪಿನ್ ಅಡಾಪ್ಟರ್ ಹಾಕಿ ನಮ್ಮ 230 ವೋಲ್ಟಿಗೆ ಚುಚ್ಚಿದರೆ ಹೊಗೆ. ಚಾರ್ಜರ್ ಮೇಲೆ 100-240 ವೋಲ್ಟ್ ಅಂತ ಅಚ್ಚಾಗಿದ್ದರೆ ಮಾತ್ರ ಧೈರ್ಯ ಮಾಡಿ.

ಓಡಾಟದಲ್ಲಿ ಹಳೇ ಬಡಾವಣೆಗಳ ಅದೃಷ್ಟ ಈಗ ತಿರುಗಿದೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗ ಶುರುವಾದ ಮೇಲೆ ಜಯನಗರ, ಬನಶಂಕರಿಯವರು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕಿಕೊಳ್ಳದೆ ಎಲೆಕ್ಟ್ರಾನಿಕ್ ಸಿಟಿ ಸೇರಬಹುದು. ವೈಟ್‌ಫೀಲ್ಡಿಗೆ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿಂದ ನೇರಳೆ. 2023ರ ಅಕ್ಟೋಬರಿನಿಂದ ನೇರಳೆಯಲ್ಲಿ ಮಧ್ಯೆ ಇಳಿಯದೆ ಹೋಗಬಹುದು. ಬೆಳಗ್ಗೆ ಒಂಬತ್ತಕ್ಕೆ ಮೆಜೆಸ್ಟಿಕ್‌ನಲ್ಲಿ ಸೀಟು ಸಿಗುವ ಆಸೆ ಬೇಡ, ಸುಮಾರು ಒಂದು ಗಂಟೆ ನಿಂತೇ ಪ್ರಯಾಣ. ಹೊರವರ್ತುಲ ರಸ್ತೆಯ ಬೆಳ್ಳಂದೂರು, ಮಾರತ್ತಹಳ್ಳಿ ಕಡೆಯ ಮೆಟ್ರೊ ಇದನ್ನು ಬರೆಯುವ ಹೊತ್ತಿಗೆ ಇನ್ನೂ ಕಾಮಗಾರಿಯಲ್ಲೇ ಇದೆ. ಅಲ್ಲಿಗೆ ಬಸವನಗುಡಿಯಿಂದ ದಿನಾ ಹೋಗಿ ಬರುತ್ತೇನೆ ಅನ್ನುವವರಿಗೆ ನಮ್ಮ ಕೈಮುಗಿತ.

ಪಿಜಿ

ಪಿಜಿಯ ದೊಡ್ಡ ಗುಣ: ಯಾರೂ ಏನೂ ಕೇಳುವುದಿಲ್ಲ. 'ಅಲ್ಲೇ ಇರಬಹುದಿತ್ತಲ್ಲ? ವೀಸಾ ಸಿಗಲಿಲ್ವಾ?' ಅಂತ ಮೂರನೇ ಕ್ರಾಸಿನ ಆಂಟಿ ಅಡ್ಡಹಾಕುವುದಿಲ್ಲ. ಒಂದು ಸೂಟ್‌ಕೇಸ್ ಹಿಡಿದು ಇವತ್ತೇ ಸೇರಬಹುದು, ಒಂದು ತಿಂಗಳ ಅಡ್ವಾನ್ಸು, ಬಿಡುವಾಗ ಒಂದು ತಿಂಗಳ ನೋಟಿಸು. ಅಡ್ವಾನ್ಸಿನಿಂದ 'ಮೇಂಟೆನೆನ್ಸ್' ಅಂತ ಎಷ್ಟು ಹಿಡಿಯುತ್ತಾರೆ ಎಂದು ಸೇರುವ ದಿನವೇ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.

ಕೋಣೆಯ ಅಳತೆ ನೋಡಿ. ಪಾಲಿಕೆಯ 2024ರ ಮಾರ್ಗಸೂಚಿಯ ಪ್ರಕಾರ ಒಬ್ಬರಿಗೆ ಕನಿಷ್ಠ 70 ಚದರಡಿ. ಹತ್ತು-ಹನ್ನೆರಡರ ಕೋಣೆ 120 ಚದರಡಿ. ಅದರಲ್ಲಿ ಮೂರು ಮಂಚ ಹಾಕಿದರೆ ತಲೆಗೆ 40. ಹಾಗೆ ಹಾಕಿರುವ ಕಡೆ ಬಾತ್‌ರೂಮಿನ ಸಾಲು, ನೀರಿನ ಲೆಕ್ಕ ಎಲ್ಲವೂ ಅದೇ ಹದದಲ್ಲಿರುತ್ತದೆ.

ವೈಫೈಯನ್ನು ಬೆಳಗ್ಗೆ ಪರೀಕ್ಷಿಸಿ ಪ್ರಯೋಜನವಿಲ್ಲ, ರಾತ್ರಿ ಒಂಬತ್ತಕ್ಕೆ ಹೋಗಿ ನೋಡಿ. ಆಗಲೇ ಅಷ್ಟೂ ಜನ ಸಿನಿಮಾ ಹಚ್ಚಿರುವುದು. ರಾತ್ರಿ ಮೀಟಿಂಗ್ ಇರುವವರು ಡಬಲ್ ಶೇರಿಂಗ್ ತೆಗೆದುಕೊಂಡರೆ ಮಾತಾಡಲು ಮೆಟ್ಟಿಲೇ ಗತಿ. ಊಟದ ವಿಷಯಕ್ಕೆ ಬಂದರೆ ಎಲ್ಲ ದಿನವೂ ಅದೇ ನೀರು ಬೇಳೆ. ಸಾಮಾನ್ಯವಾಗಿ ಎರಡನೇ ತಿಂಗಳಿಗೆ ಹೊರಗೆ ತಿನ್ನುವ ಖರ್ಚು ಶುರುವಾಗುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ.

ಬಾಡಿಗೆ ಮನೆ

ಸಿಂಗಲ್ ಬೆಡ್‌ರೂಮ್ ಮನೆಗೆ 20,000 ಬಾಡಿಗೆ ಎಂದಿಟ್ಟುಕೊಳ್ಳಿ. ಒಂದು ಕಾಲದ ಹತ್ತು ತಿಂಗಳ ಅಡ್ವಾನ್ಸು ಈಗ ಬಹುತೇಕ ಕಡೆ ಐದಾರಕ್ಕೆ ಇಳಿದಿದೆ. ಆರು ತಿಂಗಳು ಅಂದರೆ 1,20,000, ಬ್ರೋಕರಿಗೆ 20,000, ಮೊದಲ ಬಾಡಿಗೆ 20,000. ಒಳಗೆ ಕಾಲಿಡುವ ಮುಂಚೆ 1,60,000 ಕೈಬಿಟ್ಟಿತು. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು ಊರಿನ ರೂಢಿ. ಒಂದು ವರ್ಷದೊಳಗೆ ಬಿಟ್ಟರೂ ಪೂರ್ತಿ ಹಿಡಿಯುತ್ತಾರಾ ಅನ್ನುವುದನ್ನು ಅಗ್ರಿಮೆಂಟಿನಲ್ಲಿ ಬರೆಸಿ. 11 ತಿಂಗಳ ಕರಾರು ಯಾಕೆಂದರೆ, ಒಂದು ವರ್ಷ ಮೀರಿದ್ದಕ್ಕೆ ನೋಂದಣಿ ಮಾಡಿಸಬೇಕು.

ತಿಂಗಳ ಖರ್ಚು ಹೀಗೆ: ಬಾಡಿಗೆ 20,000, ನೀರು ಮತ್ತು ಮೇಂಟೆನೆನ್ಸು 1,500, ಕರೆಂಟು 800, ಗ್ಯಾಸು 500, ಇಂಟರ್ನೆಟ್ಟು 800, ದಿನಸಿ-ತರಕಾರಿ 6,000, ಕೆಲಸದವರಿಗೆ 2,400. ಒಟ್ಟು 32,000. ಪಿಜಿ 12,000 ಆದರೆ ಹೊರಗಿನ ಊಟ, ಬಟ್ಟೆ ಒಗೆಸುವುದು ಸೇರಿ 16,000. ಮನೆಯಲ್ಲಿ ಬಿಲ್ಲುಗಳನ್ನು ವಹಿಸಿಕೊಂಡರೆ 10,000.

ಈ ಅಂತರ ದೊಡ್ಡದೋ ಸಣ್ಣದೋ ಅನ್ನುವುದನ್ನು ಶಿಕ್ಷಣ ಸಾಲ ಹೇಳುತ್ತದೆ. 30 ಲಕ್ಷ ಸಾಲ, ಶೇ 10 ಬಡ್ಡಿ, ಹತ್ತು ವರ್ಷ: ಕಂತು ಸುಮಾರು 39,600. ಮೊದಲ ಕಂತಿನಲ್ಲಿ 25,000 ಬರೀ ಬಡ್ಡಿಗೇ ಹೋಗುತ್ತದೆ. ಒಂದು ವರ್ಷ ಮನೆಯಲ್ಲೇ ಇದ್ದು ತಿಂಗಳಿಗೆ ಉಳಿದ 22,000ವನ್ನು ಅಸಲಿಗೆ ಕಟ್ಟುತ್ತಾ ಬಂದರೆ, ಮುಂದೆ ಕಂತು ಅಷ್ಟೇ ಇದ್ದರೂ ಸಾಲ ಸುಮಾರು 16 ತಿಂಗಳು ಬೇಗ ತೀರುತ್ತದೆ. ಸಂಬಳ ಇನ್ನೂ ಗಟ್ಟಿಯಾಗದವರು ಈ ಸಾಲನ್ನು ಎರಡು ಸಲ ಓದಬೇಕು.

ಮನೆ ನೋಡಲು ಹೋದಾಗ ಗೋಡೆ ಬಣ್ಣಕ್ಕಿಂತ ಮೊದಲು ಸಂಪು ನೋಡಿ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ, ಸಂಪು ಎಷ್ಟು ಸಾವಿರ ಲೀಟರಿನದು, ಎಷ್ಟು ಮನೆಗೆ ಸೇರಿ ಒಂದು ಸಂಪು, ಬೋರು ಬತ್ತಿದರೆ ಟ್ಯಾಂಕರ್ ದುಡ್ಡು ಯಾರದು. 2024ರ ಬೇಸಿಗೆಯಲ್ಲಿ ಬೋರು ನಂಬಿದ ಬಡಾವಣೆಗಳು ಪಟ್ಟ ಪಾಡು ನೆನಪಿರಲಿ. ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿ 5ನೇ ಹಂತ ಉದ್ಘಾಟನೆಯಾಗಿ ನಗರದ ಅಂಚಿನ 110 ಹಳ್ಳಿಗಳ ಪ್ರದೇಶಕ್ಕೂ ನೀರು ಹರಿಯುವ ದಾರಿಯಾಯಿತು, ಆದರೆ ನೀವು ನೋಡುತ್ತಿರುವ ಕಟ್ಟಡಕ್ಕೆ ಸಂಪರ್ಕ ಇದೆಯೇ ಅನ್ನುವುದು ಬೇರೆ ಪ್ರಶ್ನೆ. ನೀರಿನ ಬಿಲ್ಲು ತೋರಿಸಿ ಅನ್ನಿ. ನಲ್ಲಿಯ ಬಾಯಲ್ಲಿ ಬಿಳಿ ಕಟ್ಟು ಕಟ್ಟಿದ್ದರೆ ಅದು ಬೋರು ನೀರು, ಗೀಸರಿನ ಕಾಯಿಲ್ ಬೇಗ ಹೋಗುತ್ತದೆ.

ಎರಡನೆಯದು ಪ್ಲಗ್ಗು. ಇಂಡಕ್ಷನ್ ಒಲೆ ಸಾಕು, ಗ್ಯಾಸಿನ ತಾಪತ್ರಯ ಬೇಡ ಅಂದುಕೊಂಡು ಬಂದವರು ಎಡವುವುದು ಇಲ್ಲೇ. 2,000 ವಾಟಿನ ಒಲೆ ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತದೆ, ಹಳೇ ಅಡುಗೆಮನೆಯ 6 ಆಂಪಿಯರ್ ಸಾಕೆಟ್ ಕಂದು ತಿರುಗಿ ಕರಗುತ್ತದೆ. 16 ಆಂಪಿಯರಿನ ದಪ್ಪ ಸಾಕೆಟ್ ಇದೆಯೇ ನೋಡಿ. ಇದ್ದರೂ ಗೀಸರಿನ ಜೊತೆ ಒಟ್ಟಿಗೆ ಹಾಕಿದರೆ ಎಂಸಿಬಿ (ಲೋಡ್ ಮೀರಿದರೆ ಕರೆಂಟು ಕಡಿಯುವ ಸ್ವಿಚ್ಚು) ಬೀಳಬಹುದು. ವಿಳಾಸದ ದಾಖಲೆ ಇಲ್ಲದೆ ಸಿಗುವ 5 ಕೆಜಿ ಸಣ್ಣ ಸಿಲಿಂಡರ್ ಒಂಟಿಯಾಗಿರುವವರಿಗೆ ಸುಮಾರು ಒಂದು ತಿಂಗಳು ಬರುತ್ತದೆ.

ಮೂರನೆಯದು ಗೃಹಜ್ಯೋತಿ. ಬಾಡಿಗೆದಾರರಿಗೂ ಅನ್ವಯಿಸುತ್ತದೆ, ಆದರೆ ಹಿಂದೆ ಇದ್ದವರ ಆಧಾರ್ ಆ ಮನೆಯ ಕರೆಂಟು ಸಂಪರ್ಕದ ಆರ್‌ಆರ್ ಸಂಖ್ಯೆಗೆ ಅಂಟಿಕೊಂಡಿದ್ದರೆ ನಿಮ್ಮದು ಸೇರುವುದಿಲ್ಲ. ಅವರಿಂದ ಡಿ-ಲಿಂಕ್ ಮಾಡಿಸಿ ಕೊಡುವಂತೆ ಓನರಿಗೆ ಅಡ್ವಾನ್ಸ್ ಕೊಡುವ ಮುಂಚೆ ಹೇಳಿ, ಕೊಟ್ಟ ಮೇಲೆ ಅವರು ಫೋನು ಎತ್ತುವುದು ಅಪರೂಪ.

ಕೈಯಲ್ಲಿ ಅಲ್ಲಿಯ ಉಳಿತಾಯ ಇದೆ ಅಂತ ಗೊತ್ತಾದ ಕೂಡಲೇ ಬ್ರೋಕರು 'ಬಾಡಿಗೆ ಯಾಕೆ ಸಾರ್, ಭೋಗ್ಯಕ್ಕೆ ಹಾಕ್ಕೊಳ್ಳಿ' ಅನ್ನುತ್ತಾನೆ. ಹತ್ತಿಪ್ಪತ್ತು ಲಕ್ಷ ಒಮ್ಮೆಗೇ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಇರುವ ಪದ್ಧತಿ. ಋಣಭಾರ ಪ್ರಮಾಣಪತ್ರ ತೆಗೆಸಿ, ಮನೆಯ ಮೇಲೆ ಬ್ಯಾಂಕ್ ಸಾಲ ಇಲ್ಲವೆಂದು ಖಾತ್ರಿಯಾಗಿ, ಕರಾರು ನೋಂದಣಿ ಮಾಡಿಸಲು ಓನರು ಒಪ್ಪಿದರೆ ಮಾತ್ರ ಮಾತು ಮುಂದುವರಿಸಿ. ನಮ್ಮನ್ನು ಕೇಳಿದರೆ, ಮರಳಿ ಬಂದ ಮೊದಲ ವರ್ಷ ಯಾರೂ ಭೋಗ್ಯಕ್ಕೆ ಹೋಗಬಾರದು. ಇಲ್ಲೇ ಉಳಿಯುತ್ತೀರೋ ಮತ್ತೆ ಹಾರುತ್ತೀರೋ ನಿಮಗೇ ಗೊತ್ತಿರುವುದಿಲ್ಲ.

ಎಷ್ಟು ದೂರ, ಯಾವಾಗ

ಸ್ವಂತ ಮನೆಯ ಮೇಲಿನ ಪೋರ್ಷನ್ ಖಾಲಿಯಾದರೆ ಎಲ್ಲರಿಗೂ ಅದೇ ಹೊಳೆಯುತ್ತದೆ. ಬೇರೆ ಮೀಟರು, ಬೇರೆ ಬಾಗಿಲು ಇದ್ದರೆ ಸೈ. ಆದರೆ ಅದರ ಬಾಡಿಗೆ ಅಪ್ಪನ ಪಿಂಚಣಿಗೆ ಸೇರುತ್ತಿದ್ದ ದುಡ್ಡು. ಹೊರಗಿನವರು ಕೊಡುತ್ತಿದ್ದಷ್ಟೇ ಕೊಡುವ ಮನಸ್ಸಿದ್ದರೆ ಮಾತ್ರ ಹತ್ತಿ.

ಇಲ್ಲದಿದ್ದರೆ ಅದೇ ಬಡಾವಣೆಯಲ್ಲಿ, ಚಪ್ಪಲಿ ಮೆಟ್ಟಿಕೊಂಡು ಹತ್ತು ನಿಮಿಷದಲ್ಲಿ ಹೋಗಿ ಬರುವ ದೂರ ನೋಡಿ. ಮೀಟಿಂಗಿನ ರಾತ್ರಿಗಳು ನಿಮ್ಮವು, ರಾತ್ರಿ ಹನ್ನೊಂದಕ್ಕೆ ಅಪ್ಪನಿಗೆ ಎದೆ ಉರಿ ಅಂದರೆ ಓಡಿ ಹೋಗಬಹುದು. ಐದು ಕಿಲೋಮೀಟರ್ ಆಚೆಯಾದರೆ ಭಾನುವಾರಕ್ಕೊಂದು ಭೇಟಿಯಾಗುತ್ತದೆ, ಅಷ್ಟಕ್ಕೆ ಅಲ್ಲಿಂದ ಬರಬೇಕಿತ್ತೇ ಅನ್ನಿಸುತ್ತದೆ.

ಕಾಲವೂ ನಿಮ್ಮ ಕಡೆಗಿದೆ. ಅಮೆರಿಕದಲ್ಲಿ ಮೇ ತಿಂಗಳಲ್ಲಿ ಪದವಿ ಮುಗಿಸಿದವರು ಇಲ್ಲಿ ಮನೆ ಹುಡುಕಲು ಇಳಿಯುವ ಹೊತ್ತಿಗೆ ಆಷಾಢ. ಆ ತಿಂಗಳು ಮನೆ ಬದಲಾಯಿಸುವವರು ಕಡಿಮೆ, ಟು-ಲೆಟ್ ಬೋರ್ಡುಗಳು ಗೇಟಿನಲ್ಲೇ ನೇತಾಡುತ್ತಿರುತ್ತವೆ, ಓನರುಗಳು ಸಾವಿರ-ಎರಡು ಸಾವಿರ ಇಳಿಯುತ್ತಾರೆ. ಇಂಗ್ಲೆಂಡಿನಿಂದ ಸೆಪ್ಟೆಂಬರಿನಲ್ಲಿ ಬರುವವರಿಗೆ ಪಿತೃಪಕ್ಷ ಅದೇ ಅವಕಾಶ ಕೊಡುತ್ತದೆ. ಟೋಕನ್ ಅಡ್ವಾನ್ಸು ಆಷಾಢದಲ್ಲೇ ಕೊಟ್ಟು ಬಾಡಿಗೆಯನ್ನು ಶ್ರಾವಣದಿಂದ ಎಣಿಸುವಂತೆ ಬರೆಸಿ. ಹಾಲು ಉಕ್ಕಿಸುವ ದಿನ ಯಾವುದು ಅನ್ನುವುದನ್ನು ಮಾತ್ರ ಅಮ್ಮನಿಗೆ ಬಿಡಿ, ಪಂಚಾಂಗ ಆಗಲೇ ಅವರ ಕೈಯಲ್ಲಿರುತ್ತದೆ.