ಐದನೇ ವರ್ಷಕ್ಕೆ ಬಿದ್ದ ಎಲೆಕ್ಟ್ರಿಕ್ ಸ್ಕೂಟರ್: ಬ್ಯಾಟರಿ ಹೇಗಿದೆ?

ಗಾಜನೂರು ಕಡೆಯಿಂದ ದಿನಾ ಶಿವಮೊಗ್ಗಕ್ಕೆ ಕೆಲಸಕ್ಕೆ ಹೋಗಿ ಬರುವವನು ನಾನು. ಸ್ಕೂಟರ್ ಕೊಂಡಿದ್ದು 2021ರಲ್ಲಿ. ಮೋಟಾರು, ಸ್ಪೀಡು ಎಲ್ಲ ನಿಮಗೆ ಗೊತ್ತಿರುವುದೇ. ಇಲ್ಲಿ ಬ್ಯಾಟರಿ ಬಗ್ಗೆ ಮಾತ್ರ ಹೇಳುತ್ತೇನೆ.

ಹೊಸತರಲ್ಲಿ ಫುಲ್ ಚಾರ್ಜಿಗೆ 85 ಕಿ.ಮೀ. ಓಡುತ್ತಿತ್ತು. ಮೊದಲ ವರ್ಷ ಮುಗಿಯುವಷ್ಟರಲ್ಲಿ 78ಕ್ಕೆ ಇಳಿಯಿತು. ಹೀಗೇ ಇಳಿದರೆ ಗತಿಯೇನು ಅಂತ ಭಯ ಆಗಿತ್ತು. ಆದರೆ ಆಮೇಲೆ ಇಳಿಕೆ ನಿಧಾನ ಆಯಿತು. ಈಗ 70ರ ಆಸುಪಾಸು ಬರುತ್ತದೆ.

ಇದಕ್ಕೆ ಕಾರಣ ಇದೆ. ಲಿಥಿಯಂ ಅಯಾನ್ ಸೆಲ್ಲಿನೊಳಗೆ, ಮೈನಸ್ ಕಡೆಯ ಗ್ರಾಫೈಟ್ ಮೇಲೆ ಒಂದು ತೆಳು ಪದರ ಕಟ್ಟುತ್ತದೆ. ಮೊದಲ ಚಾರ್ಜಿನಲ್ಲೇ ಅದು ಶುರು. ಆ ಪದರ ಬೇಕೇ ಬೇಕು, ಆದರೆ ಬೆಳೆಯುತ್ತಾ ಹೋದಂತೆ ಚಾರ್ಜ್ ಹೊರುವ ಲಿಥಿಯಂ ತಿನ್ನುತ್ತದೆ. ಶುರುವಿನಲ್ಲಿ ಬೇಗ ಬೆಳೆದು, ದಪ್ಪ ಆದಂತೆ ನಿಧಾನ ಆಗುತ್ತದೆ. ಬಿಸಿ ಜಾಸ್ತಿ ಇದ್ದರೆ, ಫುಲ್ ಚಾರ್ಜ್ ಮಾಡಿ ಸುಮ್ನೆ ನಿಲ್ಲಿಸಿದರೆ, ಮತ್ತೆ ಬೇಗ. ಗಾಡಿ ಓಡಿಸದೆ ಇಟ್ಟರೂ ಬ್ಯಾಟರಿಗೆ ವಯಸ್ಸಾಗುತ್ತದೆ.

ಹಾಗಾಗಿ ನಮ್ಮನೇಲಿ ಒಂದು ಕ್ರಮ ಇದೆ. ಬಚ್ಚಲೊಲೆಯ ಗೋಡೆ ಪಕ್ಕ ಗಾಡಿ ನಿಲ್ಲಿಸುವುದಿಲ್ಲ, ಜಗಲಿಯ ತಂಪು ಮೂಲೆಯೇ ಅದರ ಜಾಗ. ಸಂಜೆ ಬಂದು, ಕಾಲು ತೊಳೆದು, ಕಾಫಿ ಕುಡಿದು, ಆಮೇಲೆ ಬ್ಯಾಟರಿ ಇರುವ ಕಡೆ, ಕಾಲಿಡುವ ಹಲಗೆಯ ಅಡಿಗೆ ಅಂಗೈ ಇಟ್ಟು ನೋಡುತ್ತೇನೆ. ಬೆಚ್ಚಗಿದ್ದರೆ ಇನ್ನೂ ಸ್ವಲ್ಪ ಹೊತ್ತು ಬಿಡುತ್ತೇನೆ. ತಣ್ಣಗಾದ ಮೇಲೇ ಪ್ಲಗ್. ಅಡಿಗೆಮನೆಗೆ ಹೋಗಿ ಬರುವಾಗ ಅಮ್ಮ ಡಿಸ್‌ಪ್ಲೇ ನೋಡಿ "ಎಂಬತ್ತಾಯ್ತು, ತೆಗಿಯೋ" ಅಂತ ಕೂಗುತ್ತಾರೆ. ದಿನದ ಓಡಾಟಕ್ಕೆ 80 ಪರ್ಸೆಂಟ್ ಧಾರಾಳ. ನನ್ನದು ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ) ಬ್ಯಾಟರಿ. ಎಲ್‌ಎಫ್‌ಪಿ (ಕಬ್ಬಿಣ, ಫಾಸ್ಫೇಟ್ ಇರುವ ಬಗೆ) ಇದ್ದವರು ಕಂಪನಿ ಹೇಳಿದಂತೆ ಆಗಾಗ ಫುಲ್ ಮಾಡಬೇಕು, ಇಲ್ಲದಿದ್ದರೆ ಪರ್ಸೆಂಟ್ ಲೆಕ್ಕವೇ ತಪ್ಪುತ್ತದೆ. ನಮ್ಮ ಮಳೆಗಾಲದ ತಂಪು ಬ್ಯಾಟರಿಗೆ ಒಳ್ಳೆಯದೇ. ಏಪ್ರಿಲ್‌ನಲ್ಲಿ ಮಾತ್ರ ಊರಲ್ಲಿ ನೆರಳು ಹುಡುಕಿ ನಿಲ್ಲಿಸುತ್ತೇನೆ.

ಇಷ್ಟರವರೆಗೆ ಬ್ಯಾಟರಿ ಮೇಲೆ ನನಗೆ ದೂರಿಲ್ಲ. ಸಿಟ್ಟು ಬಂದಿದ್ದು ಸರ್ವಿಸ್ ಸೆಂಟರಿನಲ್ಲಿ.

ವಾರಂಟಿ ಪುಸ್ತಕದಲ್ಲಿ, ಸಾಮರ್ಥ್ಯ 70 ಪರ್ಸೆಂಟ್‌ಗಿಂತ ಕೆಳಗೆ ಹೋದರೆ ಬದಲಿಸಿಕೊಡುತ್ತೇವೆ ಅಂತಿದೆ. ಈಗ ಎಷ್ಟಿದೆ ಅಂತ ಕೇಳಿದೆ. ಹುಡುಗ ಲ್ಯಾಪ್‌ಟಾಪ್ ಜೋಡಿಸಿದ, ನೋಡಿದ, ಪರದೆ ಆಚೆ ತಿರುಗಿಸಿದ. "ಹೇಳೋ ಹಾಗಿಲ್ಲ ಸಾರ್, ಕಂಪನಿ ರೂಲ್ಸು." ಜಾಬ್ ಕಾರ್ಡಿನಲ್ಲಿ ಬರೆದಿದ್ದು "ಬ್ಯಾಟರಿ ಓಕೆ" ಅಂತ ಮಾತ್ರ. ಹುಡುಗನದೇನೂ ತಪ್ಪಿಲ್ಲ. ಆದರೆ ಗಾಡಿಯ ಅತಿ ದುಬಾರಿ ಭಾಗಕ್ಕೆ ದುಡ್ಡು ಕೊಟ್ಟವನಿಗೆ ಅದರ ಸ್ಥಿತಿ ಹೇಳದಿದ್ದರೆ ಆ ವಾರಂಟಿ ಕೇಳುವುದಾದರೂ ಹೇಗೆ? ಯುರೋಪಿನಲ್ಲಿ 2023ರ ಬ್ಯಾಟರಿ ಕಾನೂನಿನ ಪ್ರಕಾರ, 2024ರ ಆಗಸ್ಟ್‌ನಿಂದ ಕೊಂಡವರಿಗೆ ಈ ಮಾಹಿತಿ ಓದಲು ಸಿಗಬೇಕು. ನಮಗೂ ಸಿಗಬೇಕು ಅಲ್ವಾ?

ಸದ್ಯಕ್ಕೆ ನಾನೇ ಅಳೆಯುತ್ತೇನೆ. ಪ್ಲಗ್ಗಿಗೆ ಹಾಕುವ ಸಣ್ಣ ಎನರ್ಜಿ ಮೀಟರ್ ತಂದಿದ್ದೇನೆ. ವರ್ಷಕ್ಕೊಮ್ಮೆ 5 ಪರ್ಸೆಂಟ್‌ನಿಂದ ಫುಲ್ ಮಾಡಿ ಯೂನಿಟ್ ಬರೆದಿಡುತ್ತೇನೆ. ಮೊದಲು 3.2 ಇತ್ತು, ಈಗ 2.7. ಚಾರ್ಜರಿನಲ್ಲಿ ಪೋಲಾಗುವುದೂ ಇದರಲ್ಲಿ ಸೇರುತ್ತದೆ, ಆದರೂ ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸಲು ಸಾಕು.

ಗಾಡಿ ಇನ್ನೂ ಇಟ್ಟುಕೊಳ್ಳುತ್ತೇನೆ, ನನ್ನ ದಾರಿಗೆ ಸಾಲುತ್ತದೆ. ದಿನಾ ತೀರ್ಥಹಳ್ಳಿಗೆ ಹೋಗಿ ಬರುವವರಿಗೆ ಇದು ಬೇಡ. ಹೊಸತು ಕೊಳ್ಳುವವರು ಶೋರೂಮಿನಲ್ಲೇ ಕೇಳಿ: ಬ್ಯಾಟರಿಯ ಆರೋಗ್ಯ ಎಷ್ಟಿದೆ ಅಂತ ಪ್ರತಿ ಸರ್ವಿಸಿಗೂ ಬರೆದು ಕೊಡ್ತೀರಾ? ಕೊಡುವವರಿದ್ದರೆ ಮುಂದಿನ ಗಾಡಿಗೆ ಎರಡು ಸಾವಿರ ಜಾಸ್ತಿ ಕೊಡಲು ನಾನಂತೂ ತಯಾರು.